ಟ್ಯಾಂಕಿಗೊಂದು ರಿಸರ್ವ್: ನೀರು, ಕರೆಂಟು ಹೋದ ದಿನಕ್ಕೆ ಮನೆ ಸಜ್ಜು ಮಾಡಿದ್ದು

ದಾವಣಗೆರೆಗೆ ಸುನಾಮಿ ಬರುವುದಿಲ್ಲ. ಸಮುದ್ರದಲ್ಲಿ ಎದ್ದ ಚಂಡಮಾರುತ ಇಲ್ಲಿಗೆ ಬರುವಷ್ಟರಲ್ಲಿ ಜಿಟಿಜಿಟಿ ಮಳೆಯಾಗಿರುತ್ತದೆ. ಹಾಗಾಗಿ 'ತುರ್ತು ತಯಾರಿ' ಅಂದರೆ ನಮ್ಮ ಕಡೆ ಜನ ನಗುತ್ತಾರೆ. ಆದರೆ ನಮ್ಮೂರಿನ ತುರ್ತುಗಳೇ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗಾಳಿ ಎದ್ದು ಮರ ಉರುಳಿದರೆ ರಾತ್ರಿಯಿಡೀ ಕರೆಂಟಿಲ್ಲ. ನೀರು ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾಯುತ್ತಾ ಕೂತರೆ ನಲ್ಲಿ ಬರೀ ಗಾಳಿ ಬಿಡುತ್ತದೆ. ಗ್ಯಾಸ್ ವಾಸನೆ, ನಡುರಾತ್ರಿ ಎದೆನೋವು, ಹಿತ್ತಲಿಗೆ ಬಂದ ಹಾವು. ಸುದ್ದಿಯಾಗದ ತಾಪತ್ರಯಗಳು, ಆದರೆ ಮನೆ ಅಲ್ಲಾಡಿಸಲು ಇಷ್ಟು ಸಾಕು.

ನೀರಿಗೂ ಕರೆಂಟಿಗೂ ನಂಟಿದೆ. ಊರಿಗೆ ಕುಡಿಯುವ ನೀರು ಬರುವ ದಾರಿ ಎರಡು. ಹರಿಹರದ ಪಕ್ಕದ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ ನೀರು ಒಂದು. ಭದ್ರಾ ನಾಲೆಯಿಂದ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗೆ ತುಂಬಿಸಿಕೊಂಡ ನೀರು ಇನ್ನೊಂದು. ನದಿಯಿಂದ ಎತ್ತಲು ಕರೆಂಟು ಬೇಕು, ನಾಲೆಯಲ್ಲಿ ಹರಿಯಲು ಲಕ್ಕವಳ್ಳಿಯ ಭದ್ರಾ ಡ್ಯಾಮಿನಲ್ಲಿ ನೀರಿರಬೇಕು. 2023ರಲ್ಲಿ ಮುಂಗಾರು ಕೈಕೊಟ್ಟ ಮೇಲೆ 2024ರ ಬೇಸಿಗೆ ಹೇಗಿತ್ತು ಅಂತ ಇಲ್ಲಿಯವರಿಗೆ ಬೇರೆ ಹೇಳಬೇಕಿಲ್ಲ.

ಅಟ್ಟದ ಮೇಲೆ ಕಿಟ್ ಕಟ್ಟಿಡುವುದರಲ್ಲಿ ನನಗೆ ನಂಬಿಕೆ ಇಲ್ಲ. ವರ್ಷ ಬಿಟ್ಟು ತೆಗೆದರೆ ಟಾರ್ಚಿನ ಸೆಲ್ಲು ಸೋರಿರುತ್ತದೆ, ಬಿಸ್ಕತ್ತಿಗೆ ಇರುವೆ ಹತ್ತಿರುತ್ತದೆ, ಮಾತ್ರೆಯ ತಾರೀಕು ಮುಗಿದಿರುತ್ತದೆ. ದಿನಾ ಕೈಯಾಡುವ ಸಾಮಾನು ಮಾತ್ರ ಬೇಕಾದಾಗ ಕೈಗೆ ಸಿಗುತ್ತದೆ. ನಿಟುವಳ್ಳಿ ಕಡೆಯ ನಮ್ಮ ಮನೆಯಲ್ಲಿ ಐದು ಜನ: ಅತ್ತೆ, ಮಾವ, ನಾವಿಬ್ಬರು, ಹೈಸ್ಕೂಲಿಗೆ ಹೋಗುವ ಮಗಳು. ಈ ಐವರಿಗೆ ತಕ್ಕಂತೆ, ಇದ್ದ ಮನೆಯಲ್ಲೇ ಮಾಡಿಕೊಂಡ ಕೆಲಸಗಳಿವು.

ಮೊದಲು ಟ್ಯಾಂಕು

ಮನೆ ಮೇಲೆ ಸಾವಿರ ಲೀಟರಿನ ಕಪ್ಪು ಟ್ಯಾಂಕ್ ಇದೆ, ಕೆಳಗೆ ಸಂಪು. ಟ್ಯಾಂಕ್ ಖಾಲಿಯಾಗಿದ್ದು ಗೊತ್ತಾಗುವುದು ಯಾವಾಗ ಹೇಳಿ? ಯಾರೋ ಮೈಗೆ ಸೋಪು ಹಚ್ಚಿಕೊಂಡಿರುವಾಗ. ಆಗಲೇ ಕರೆಂಟೂ ಇಲ್ಲದಿದ್ದರೆ ಮೋಟರ್ ಹಾಕಲಾಗುವುದಿಲ್ಲ. ಸಂಪಿನಲ್ಲಿ ನೀರಿದ್ದೂ ಇಲ್ಲದಂತೆ.

ಹಳೇ ಬೈಕುಗಳ ಪೆಟ್ರೋಲ್ ಟ್ಯಾಂಕ್ ನೆನಪಿರಬಹುದು. ಗಾಡಿ ಕೆಮ್ಮಿ ನಿಂತಾಗ ಕಾಕ್ ತಿರುಗಿಸಿದರೆ ರಿಸರ್ವ್. ಒಳಗಿನ ಗುಟ್ಟು ಇಷ್ಟೇ: ಒಂದು ಪೈಪು ಎತ್ತರದಲ್ಲಿ ಬಾಯಿ ತೆರೆದಿರುತ್ತದೆ, ಇನ್ನೊಂದು ತಳದಲ್ಲಿ. ಅದನ್ನೇ ನೀರಿನ ಟ್ಯಾಂಕಿಗೆ ಮಾಡಿಸಿದೆ.

ಎಷ್ಟು ನೀರು ಉಳಿಸಬೇಕು ಅನ್ನುವುದು ಮೊದಲ ಲೆಕ್ಕ. ನೆರೆ, ಭೂಕಂಪದ ನೆರವಿನ ಶಿಬಿರಗಳಿಗೆ ಸ್ಫಿಯರ್ ಅಂತ ಒಂದು ಅಂತಾರಾಷ್ಟ್ರೀಯ ಮಾನದಂಡ ಇದೆ. ಅದರ ಪ್ರಕಾರ ಕುಡಿಯಲು, ಅಡುಗೆಗೆ, ಕೈಕಾಲು ತೊಳೆಯಲು ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್. ಐದು ಜನಕ್ಕೆ 75. ನಮ್ಮ ಟ್ಯಾಂಕಿನ ಒಳಗಿನ ಅಗಲ ಅಳೆದಾಗ ಸುಮಾರು 110 ಸೆಂ.ಮೀ. ಇತ್ತು. ಇಂಥ ಟ್ಯಾಂಕಿನಲ್ಲಿ 20 ಸೆಂ.ಮೀ. ನೀರು ನಿಂತರೆ ಹತ್ತಿರ ಹತ್ತಿರ 190 ಲೀಟರ್. ಅಂದರೆ ಎರಡೂವರೆ ದಿನ. ಅಷ್ಟರಲ್ಲಿ ಕರೆಂಟಾದರೂ ಬರುತ್ತದೆ, ಟ್ಯಾಂಕರಾದರೂ ಬರುತ್ತದೆ.

ಕೆಲಸಕ್ಕೆ ಬೇಕಾಗಿದ್ದು ಮುಕ್ಕಾಲು ಇಂಚಿನ ಒಂದು ಟ್ಯಾಂಕ್ ನಿಪ್ಪಲ್ (ಟ್ಯಾಂಕಿನ ತೂತಿಗೆ ಕೂರಿಸಿ ಪೈಪು ಜೋಡಿಸುವ ತುಂಡು), ಒಂದು ಬಾಲ್ ವಾಲ್ವ್, ಒಳಗೆ ಹಾಕಲು ಒಂದೂಕಾಲು ಇಂಚಿನ ಥ್ರೆಡ್ ಇರುವ ಎಲ್ಬೋ, ಒಂದು ತುಂಡು ಪೈಪು, ಕೆಳಗೆ ಇಳಿಸಲು ಯುಪಿವಿಸಿ ಪೈಪು, ಟೆಫ್ಲಾನ್ ಟೇಪು, ಒಂದು ನಲ್ಲಿ. ಎಲ್ಲ ಪಿ.ಬಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿತು. ಕೂಲಿ ಸೇರಿ ಎರಡು ಸಾವಿರದ ಆಸುಪಾಸು.

ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಬಿಸಿಲೇರುವ ಮೊದಲೇ ಶುರು ಮಾಡಿದೆವು. ಕಪ್ಪು ಟ್ಯಾಂಕಿನ ಒಳಗೆ ಮಧ್ಯಾಹ್ನ ಮನುಷ್ಯ ಇರಲಾರ. ಪ್ಲಂಬರಿನ ಸಹಾಯಕ ಒಳಗೆ ಇಳಿದ. ಅವನು ಹೊರಗೆ ಬರುವವರೆಗೂ ಇನ್ನೊಬ್ಬರು ಮುಚ್ಚಳದ ಹತ್ತಿರ ನಿಂತು ಮಾತಾಡಿಸುತ್ತಲೇ ಇರಬೇಕು ಅಂತ ಪ್ಲಂಬರ್ ಹೇಳಿದರು. ಸಂಪಿಗೂ ಇದೇ ಮಾತು, ಇನ್ನೂ ಜಾಸ್ತಿ ಎಚ್ಚರ ಬೇಕು. ಬಹಳ ದಿನ ಮುಚ್ಚಿದ ಸಂಪಿನಲ್ಲಿ ಗಾಳಿ ಕೆಟ್ಟಿರುತ್ತದೆ, ಸುಮ್ನೆ ಇಳಿಯಬಾರದು.

ಮನೆಗೆ ಹೋಗುವ ಹಳೇ ನಿಪ್ಪಲ್ ತಳದಿಂದ ಮೂರು ಇಂಚು ಮೇಲಿದೆ. ಅದರ ಒಳಬದಿಯ ಥ್ರೆಡ್ಡಿಗೆ ಎಲ್ಬೋ ತಿರುಗಿಸಿ, ಬಾಯಿ ಮೇಲಕ್ಕೆ ಮಾಡಿ, ಪೈಪ್ ತುಂಡು ನಿಲ್ಲಿಸಿದೆವು. ಪೈಪಿನ ತುದಿ ತಳದಿಂದ ಹತ್ತು ಇಂಚಿಗೆ ಬಂತು. ನೀರು ಅದಕ್ಕಿಂತ ಕೆಳಗೆ ಇಳಿದರೆ ಮನೆಯ ಯಾವ ನಲ್ಲಿಯಲ್ಲೂ ಬರುವುದಿಲ್ಲ. ಇಲ್ಲಿ ಸಾಲ್ವೆಂಟ್ ಹಚ್ಚಿ ಅಂಟಿಸಲಿಲ್ಲ, ಬರೀ ಥ್ರೆಡ್. ಟ್ಯಾಂಕ್ ತೊಳೆಯುವಾಗ ಬಿಚ್ಚಿಡಬೇಕಲ್ಲ.

ರಿಸರ್ವಿಗೆ ತಂದ ಹೊಸ ನಿಪ್ಪಲ್ ತಳದಿಂದ ಎರಡು ಇಂಚು ಮೇಲಿದೆ, ಇವೆರಡರ ನಡುವಿನ ಎಂಟು ಇಂಚೇ ಆ 20 ಸೆಂ.ಮೀ. ರಿಸರ್ವ್. ಎರಡು ಇಂಚು ಬಿಟ್ಟಿದ್ದಕ್ಕೆ ಕಾರಣ ಇದೆ. ನಾಲೆ ನೀರಿರಲಿ ಟ್ಯಾಂಕರ್ ನೀರಿರಲಿ, ತಳದಲ್ಲಿ ಸಣ್ಣ ಕೆಂಪು ಮಣ್ಣು ಕೂರುತ್ತದೆ. ಕಷ್ಟದ ದಿನಕ್ಕೆ ಅಂತ ಇಟ್ಟ ನೀರು ರಾಡಿ ಬಂದರೆ ಏನು ಉಪಯೋಗ? ತೂತು ಕೊರೆಯಲು ಟ್ಯಾಂಕಿನ ಗೋಡೆಯಲ್ಲಿ ಕಂಪನಿಯವರೇ ಬಿಟ್ಟ ಚಪ್ಪಟೆ ಜಾಗ ಹುಡುಕಬೇಕು. ದುಂಡನೆಯ ಜಾಗದಲ್ಲಿ ವಾಷರ್ ಸರಿಯಾಗಿ ಕೂರದೆ ಹನಿಯುತ್ತದೆ. ಕೊರೆದಾಗ ಬೀಳುವ ಕಪ್ಪು ಪ್ಲಾಸ್ಟಿಕ್ ಚೂರುಗಳನ್ನು ಒದ್ದೆ ಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆಸಿದೆ. ಇಲ್ಲದಿದ್ದರೆ ಅವು ಹೋಗಿ ನಲ್ಲಿಗಳ ಜಾಲರಿ ಕಟ್ಟುತ್ತವೆ.

ಪ್ಲಂಬರಿಗೂ ನನಗೂ ಒಂದೇ ಒಂದು ವಿಷಯಕ್ಕೆ ವಾದ ಆಯಿತು. "ಅಕ್ಕಾರೆ, ಇಲ್ಲೇ ಒಂದು ಟಿ ಹಾಕಿ ಹಳೇ ಲೈನಿಗೆ ಸೇರಿಸಿಬಿಡ್ತೀನಿ. ವಾಲ್ವ್ ತಿರುಗಿಸಿದ್ರೆ ಎಲ್ಲಾ ನಲ್ಯಾಗೂ ನೀರು ಬರ್ತದೆ" ಅಂದರು. ಬೈಕಿನ ಲೆಕ್ಕದಲ್ಲಿ ಅದೇ ಸರಿ. ಆದರೆ ಮನೆಗೆ ಅದು ಆಗದು. ಒಂದು ಸಲ ಫ್ಲಶ್ ಒತ್ತಿದರೆ ಹತ್ತು ಲೀಟರ್ ಹೋಯಿತು, ರಿಸರ್ವ್ ಅರ್ಧ ದಿನವೂ ಬಾಳುವುದಿಲ್ಲ. ಬಿಂದಿಗೆ ಹಿಡಿದು ಹೋದರೆ ಮಾತ್ರ ನೀರು ಸಿಗಬೇಕು, ಆಗಲೇ ಕೈ ಬಿಗಿಯಾಗುವುದು. ಹಾಗಾಗಿ ಬೇರೆ ಪೈಪು ಹೊರಗೋಡೆ ಗುಂಟ ಇಳಿದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದೇ ನಲ್ಲಿಯಲ್ಲಿ ಮುಗಿಯುತ್ತದೆ. ಬಿಸಿಲಿಗೆ ಬಿಳಿ ಪೈಪಿನೊಳಗೆ ಪಾಚಿ ಕಟ್ಟದಿರಲಿ ಅಂತ ಕಡು ಬಣ್ಣ ಬಳಿದದ್ದಾಯಿತು.

ಒಂದು ತೊಡಕು ಬಂತು. ನೀರು ನಿಲುವು ಪೈಪಿನ ಬಾಯಿಗಿಂತ ಕೆಳಗಿಳಿದಾಗ ಹಳೇ ಲೈನಿನೊಳಗೆ ಗಾಳಿ ಸೇರಿಕೊಂಡಿತು. ಟ್ಯಾಂಕ್ ತುಂಬಿದ ಮೇಲೂ ಬಚ್ಚಲ ನಲ್ಲಿ ಉಗುಳುತ್ತಿತ್ತೇ ಹೊರತು ಧಾರೆ ಕಟ್ಟಲಿಲ್ಲ. ಟ್ಯಾಂಕಿನಿಂದ ಹೊರಬರುವ ಪೈಪಿಗೆ ವಾಲ್ವ್ ದಾಟಿದ ಕೂಡಲೇ ಅರ್ಧ ಇಂಚಿನ ಏರ್ ಪೈಪ್ ಹಾಕಿ, ಟ್ಯಾಂಕಿನ ತಲೆಗಿಂತ ಎತ್ತರಕ್ಕೆ ಒಯ್ದು, ಬಾಯಿ ಕೆಳಕ್ಕೆ ಬಗ್ಗಿಸಿದ ಮೇಲೆ ಸರಿಹೋಯಿತು. ನಿಮ್ಮ ಮನೆಯಲ್ಲಿ ಏರ್ ಪೈಪ್ ಮೊದಲೇ ಇದ್ದರೆ ಈ ಕೆಲಸ ಇಲ್ಲ.

ರಿಸರ್ವ್ ನೀರು ಹಳಸುವುದಿಲ್ಲವಾ ಅಂತ ಅತ್ತೆ ಕೇಳಿದರು. ಟ್ಯಾಂಕಿನದು ಹಳಸುವುದಿಲ್ಲ, ದಿನಾ ಮೇಲಿನಿಂದ ಬೀಳುವ ಹೊಸ ನೀರು ಕಲಸಿಕೊಳ್ಳುತ್ತದೆ. ನಿಲ್ಲುವುದು ಆ ಹೊಸ ಪೈಪಿನೊಳಗಿನ ನೀರು ಮಾತ್ರ. ಅದಕ್ಕೂ ಅತ್ತೆಯೇ ದಾರಿ ಮಾಡಿದರು. ಬೆಳಿಗ್ಗೆ ತುಳಸಿಗೆ, ಮಲ್ಲಿಗೆ ಬಳ್ಳಿಗೆ ಅದೇ ನಲ್ಲಿಯಿಂದ ಒಂದೊಂದು ತಂಬಿಗೆ. ಪೈಪೂ ತೊಳೆಯಿತು, ನಲ್ಲಿಯೂ ಜಾಮ್ ಆಗುವುದಿಲ್ಲ, ಅದು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು.

ಕುಡಿಯುವುದಕ್ಕಾದರೆ ಈ ನೀರನ್ನು ಕುದಿಸಲೇಬೇಕು. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಗ್ಯಾಸೂ ಇಲ್ಲದಿದ್ದರೆ ಕ್ಲೋರಿನ್ ಮಾತ್ರೆ. ಅದು ಬೇರೆ ಬೇರೆ ಅಳತೆಯಲ್ಲಿ ಬರುತ್ತದೆ, ಚೀಟಿ ಮೇಲೆ ಬರೆದಷ್ಟೇ ಹಾಕಿ ಅರ್ಧ ಗಂಟೆ ಕಾಯಬೇಕು.

ಸಂಪಿನ ವಿಷಯಕ್ಕೆ ಖರ್ಚೇ ಮಾಡಲಿಲ್ಲ. ಒಂದು ಸ್ಟೀಲ್ ಬಕೆಟ್ಟು, ಒಂದು ನೈಲಾನ್ ಹಗ್ಗ, ಎರಡೂ ಆ ಕೆಲಸಕ್ಕೇ ಮೀಸಲು. ಸೇದುವ ಮೊದಲು ಮೋಟರಿನ ಎಂಸಿಬಿ (ಬೋರ್ಡಿನಲ್ಲಿ ಅದರ ಲೈನ್ ಕಡಿಯುವ ಸ್ವಿಚ್ಚು) ಕೆಳಗೆ ಮಾಡಬೇಕು, ಸೇದಿದ ಮೇಲೆ ಮುಚ್ಚಳಕ್ಕೆ ಬೀಗ.

ಇನ್ವರ್ಟರ್: ಬ್ಯಾಟರಿಗಿಂತ ಫ್ಯಾನಿನ ಲೆಕ್ಕ

ಇನ್ವರ್ಟರ್ ಇದ್ದೇ ಇತ್ತು, 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿ. ಆದರೆ ರಾತ್ರಿ ಹೋದ ಕರೆಂಟು ಬೆಳಗಿನವರೆಗೂ ಬರದಿದ್ದರೆ ನಡುವೆ ಕುಂಯ್ ಅಂತ ಕೂಗಿ ಆಫ್ ಆಗುತ್ತಿತ್ತು. ಇನ್ನೊಂದು ಬ್ಯಾಟರಿ ಹಾಕೋಣ ಅಂತ ನಮ್ಮ ಮನೆಯವರು. ನಾನು ಪೆನ್ನು ಹಿಡಿದು ಕೂತೆ.

12 ವೋಲ್ಟ್ ಗುಣಿಸು 150 ಅಂದರೆ 1800 ವ್ಯಾಟ್ ಅವರ್. ಇನ್ವರ್ಟರ್ ತಿನ್ನುವುದು, ಬ್ಯಾಟರಿ ಪೂರ್ತಿ ಬತ್ತಿಸಬಾರದು ಅನ್ನುವುದು, ಹಳತಾಗಿರುವುದು ಎಲ್ಲ ಕಳೆದು ಸಾವಿರ ಅಂತ ಹಿಡಿದೆ. ಹಳೇ ಫ್ಯಾನ್ ಒಂದಕ್ಕೆ 75 ವ್ಯಾಟ್. ಎರಡು ಫ್ಯಾನು, 9 ವ್ಯಾಟಿನ ನಾಲ್ಕು ಬಲ್ಬು, 10 ವ್ಯಾಟಿನ ರೂಟರ್ ಸೇರಿದರೆ 196. ಐದು ಗಂಟೆಗೆ ಖಲಾಸ್. ಅದೇ ಕರೆಂಟು ಕಡಿಮೆ ತಿನ್ನುವ ಎರಡು ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಒಂದಕ್ಕೆ 30ರ ಸುಮಾರು, ಒಟ್ಟು 106. ಒಂಬತ್ತು ಗಂಟೆ ದಾಟುತ್ತದೆ. ಎರಡು ಫ್ಯಾನಿನ ಬೆಲೆ ಒಂದು ಬ್ಯಾಟರಿಗಿಂತ ಕಡಿಮೆ, ಮೇಲಾಗಿ ವರ್ಷವಿಡೀ ಬಿಲ್ಲಿನಲ್ಲೂ ಉಳಿತಾಯ. ಬ್ಯಾಟರಿ ಮಾತು ಅಲ್ಲಿಗೇ ನಿಂತಿತು.

ಬ್ಯಾಟರಿ ಆರೈಕೆ ದೊಡ್ಡದೇನಲ್ಲ. ಫ್ಲೋಟ್ ಕೆಳಗಿನ ಗೆರೆಗೆ ಬಂದಾಗ ಡಿಸ್ಟಿಲ್ಡ್ ವಾಟರ್. ನಲ್ಲಿ ನೀರು, ಆರ್‌ಒ ನೀರು ಹಾಕಬಾರದು. ಟರ್ಮಿನಲ್ಲಿನ ಮೇಲೆ ಬಿಳಿ, ಹಸಿರು ಬೂಷ್ಟಿನಂಥದ್ದು ಕಟ್ಟಿದರೆ ತೊಳೆದು ಒರೆಸಿ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಅದಕ್ಕೆ ಗಾಳಿಯಾಡುವ ಜಾಗ ಬೇಕು. ನಮ್ಮದು ಮೆಟ್ಟಿಲ ಕೆಳಗೆ, ಹಳೇ ಪೇಪರಿನ ಕಟ್ಟುಗಳ ನಡುವೆ ಇತ್ತು. ಪೇಪರ್ ಗುಜರಿಗೆ ಹೋಯಿತು.

ಮಾವನ ಇನ್ಸುಲಿನ್ನಿಗೆ ಫ್ರಿಜ್ ಬೇಕು, ಫ್ರಿಜ್ಜನ್ನು ಇನ್ವರ್ಟರ್ ಎಳೆಯುವುದಿಲ್ಲ. ಬಾಗಿಲು ತೆಗೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ಅದಕ್ಕೂ ಜಾಸ್ತಿ ಹೊತ್ತಾದರೆ ಅಂತ ಒಂದು ಜೋಡಿ ಮಡಕೆ ತಂದೆ. ದೊಡ್ಡದರೊಳಗೆ ಚಿಕ್ಕದು, ನಡುವೆ ಒದ್ದೆ ಮರಳು, ಇನ್ಸುಲಿನ್ ಮುಚ್ಚಿದ ಡಬ್ಬಿಯಲ್ಲಿ, ಮೇಲೆ ಹಸಿ ಬಟ್ಟೆ. ನಮ್ಮ ಒಣ ಬೇಸಿಗೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ನೀರು ಆರುತ್ತಾ ಮಡಕೆ ತಣ್ಣಗಾಗುತ್ತದೆ. ಇದು ಫ್ರಿಜ್ಜಿಗೆ ಸಮ ಅಲ್ಲ, ಒಂದೆರಡು ದಿನ ದಾಟಿಸಲು ಅಷ್ಟೇ. ಐಸಿನ ಮೇಲೆ ನೇರವಾಗಿ ಇಡುವವರಿದ್ದಾರೆ, ಅದು ತಪ್ಪು. ಹೆಪ್ಪುಗಟ್ಟಿದ ಇನ್ಸುಲಿನ್ ಬಿಸಾಡುವುದಕ್ಕೇ ಸರಿ.

ಗ್ಯಾಸು

ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಮೇಲೆ ಗೋಡೆಯಲ್ಲಿರುವ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ವಾಸನೆ ಹೋಗುತ್ತೆ ಅಂತ ನಮ್ಮಲ್ಲೂ ಎಲ್ಲರೂ ನಂಬಿದ್ದರು. ಸ್ವಿಚ್ಚಿನ ಒಂದು ಕಿಡಿ ಸಾಕು ಅನಾಹುತಕ್ಕೆ. ಹಾಕುವುದೂ ಬೇಡ, ಉರಿಯುತ್ತಿರುವ ಲೈಟು ಆರಿಸುವುದೂ ಬೇಡ. ಒಲೆಯ ಗುಂಡಿ ಮುಚ್ಚು, ರೆಗ್ಯುಲೇಟರ್ ಆಫ್ ಮಾಡಿ ತೆಗೆ, ಸೇಫ್ಟಿ ಕ್ಯಾಪ್ ಹಾಕು, ಬಾಗಿಲು ಕಿಟಕಿ ತೆರೆ, ಎಲ್ಲರೂ ಹೊರಗೆ. ಅಂಗಳಕ್ಕೆ ಬಂದ ಮೇಲೆ 1906ಕ್ಕೆ ಫೋನು.

ಹೇಳಲು ಸುಲಭ. ಮಾಡಿ ನೋಡಿದಾಗ ಅತ್ತೆಯ ಬೆರಳಿಗೆ ರೆಗ್ಯುಲೇಟರಿನ ಕೆಳಗಿನ ಕರೀ ಬಳೆ ಎತ್ತಲಾಗಲಿಲ್ಲ, ಸಂಧಿನೋವು. ಅವರಿಗೆ ಗುಂಡಿ ತಿರುಗಿಸಿ ಹೊರಗೆ ಹೋಗುವುದಷ್ಟೇ ಕೆಲಸ. ಮಗಳು ಎರಡೇ ನಿಮಿಷದಲ್ಲಿ ಕಲಿತಳು. ಇನ್ನು ಆ ಸೇಫ್ಟಿ ಕ್ಯಾಪು! ಸಿಲಿಂಡರ್ ಬಂದ ದಿನವೇ ಅದು ಮೂಲೆ ಸೇರುತ್ತದೆ, ಅಲ್ವಾ? ಈಗ ದಾರ ಕತ್ತರಿಸದೆ ಸಿಲಿಂಡರಿನ ಕುತ್ತಿಗೆಗೇ ನೇತಾಡಲು ಬಿಟ್ಟಿದ್ದೇವೆ.

ಸಿಲಿಂಡರಿನ ಮೇಲ್ಭಾಗದ ಪಟ್ಟಿಯ ಒಳಮೈಯಲ್ಲಿ ಎ, ಬಿ, ಸಿ, ಡಿ ಪೈಕಿ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ವರ್ಷ ಬರೆದಿರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರಿನಿಂದ ಡಿಸೆಂಬರ್. ಸಿ ಪಕ್ಕ 28 ಇದ್ದರೆ 2028ರ ಸೆಪ್ಟೆಂಬರ್ ಒಳಗೆ ಆ ಸಿಲಿಂಡರಿನ ಮರುಪರೀಕ್ಷೆ ಆಗಬೇಕು. ಅವಧಿ ದಾಟಿದ್ದು ಬಂದರೆ ಬಾಗಿಲಲ್ಲೇ ವಾಪಸು ಕಳಿಸಬಹುದು. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿಗೆ ಐದು ವರ್ಷ ಆಯಸ್ಸು. ನಮ್ಮದರ ಮೇಲಿನ ಅಕ್ಷರ ಎಣ್ಣೆ ಜಿಡ್ಡಿನಲ್ಲಿ ಮುಚ್ಚಿಹೋಗಿತ್ತು. ಒರೆಸಿ ಓದಿ, ಅವತ್ತೇ ಬದಲಾಯಿಸಿದೆ. ಸೋರುತ್ತಿದೆಯಾ ಅಂತ ನೋಡಲು ಸೋಪಿನ ನೊರೆ, ಬೆಂಕಿಕಡ್ಡಿ ಎಂದೂ ಅಲ್ಲ.

ಬಾಗಿಲ ಹಿಂದಿನ ಹಾಳೆ

ಈ ಎಲ್ಲದರಲ್ಲಿ ಖರ್ಚಿಲ್ಲದ್ದು, ಜಾಸ್ತಿ ಉಪಯೋಗಕ್ಕೆ ಬರುವಂಥದ್ದು ಇದೇ ಅನ್ನಿಸುತ್ತದೆ. ಅಡುಗೆಮನೆ ಕಪಾಟಿನ ಬಾಗಿಲ ಒಳಮೈಗೆ ಒಂದು ದೊಡ್ಡಕ್ಷರದ ಹಾಳೆ. ಪೊಲೀಸ್, ಬೆಂಕಿ, ಆಂಬುಲೆನ್ಸ್ ಯಾವುದಕ್ಕಾದರೂ 112. ಆಂಬುಲೆನ್ಸಿಗೇ ಆದರೆ 108. ಕರೆಂಟು, ತುಂಡಾದ ತಂತಿ: ಬೆಸ್ಕಾಂ 1912. ಗ್ಯಾಸ್ 1906. ಜಿಲ್ಲಾ ಕಂಟ್ರೋಲ್ ರೂಂ 1077. ಅದರ ಕೆಳಗೆ ನೆಂಟರು, ಪಕ್ಕದ ಮನೆಯವರ ನಂಬರು. ಮೊಬೈಲ್ ಸತ್ತರೆ ನಮಗೆ ಗಂಡನ ನಂಬರೂ ಬಾಯಿಗೆ ಬರುವುದಿಲ್ಲ, ಇದು ಈಗಿನ ಕಾಲ.

ಫೋನ್ ಮಾಡಿದಾಗ ಆ ಕಡೆಯಿಂದ ಮೊದಲು ಕೇಳುವುದು ಎಲ್ಲಿ ಅಂತ. ಮಗಳಿಗೆ ಮನೆ ನಂಬರ್ ಗೊತ್ತಿರಲಿಲ್ಲ. ಮಾವ ಹೇಳುವ ಗುರುತು ಕಿತ್ತುಹೋದ ಹಳೇ ಹಿಟ್ಟಿನ ಗಿರಣಿಯದ್ದು. ಹಾಗಾಗಿ ಹಾಳೆಯ ತುದಿಯಲ್ಲಿ ವಿಳಾಸವನ್ನು ಆಡುವ ಮಾತಿನಲ್ಲೇ ಬರೆದೆವು: ಯಾವ ಸರ್ಕಲ್ಲಿನಿಂದ ಯಾವ ಕೈಗೆ ತಿರುಗಬೇಕು, ಎಷ್ಟನೇ ಕ್ರಾಸು, ಗೇಟಿನ ಬಣ್ಣ ಏನು. ಓದಿ ಹೇಳಿದರೆ ಸಾಕು. ಮಾವನ ಮಾತ್ರೆಗಳ ಹೆಸರು, ಅಳತೆ, ಎಲ್ಲರ ರಕ್ತದ ಗುಂಪೂ ಅಲ್ಲೇ ಇದೆ.

ಹಾವಿನ ವಿಷಯ ಕೆಂಪು ಪೆನ್ನಿನಲ್ಲಿ ಬರೆದೆ, ಯಾಕೆಂದರೆ ಗಾಬರಿಯಲ್ಲಿ ಎಲ್ಲರೂ ಉಲ್ಟಾ ಮಾಡುತ್ತಾರೆ. ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ, ಓಡಾಡಿಸಬೇಡಿ. ಉಂಗುರ, ಬಳೆ ತೆಗೆದು, ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು ನೇರ ಚಿಗಟೇರಿ ಆಸ್ಪತ್ರೆಗೆ. ಹಾವು ಹುಡುಕಿ ಹೊಡೆಯುತ್ತಾ ಕೂರುವುದು ಬೇಡ.

ಮದ್ದಿನ ಡಬ್ಬಿಗೆ ಹೊಸದಾಗಿ ಸೇರಿದ್ದು ಓಆರ್‌ಎಸ್ ಪೊಟ್ಟಣ. ಅದು ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಚಮಚದ ತಲೆ ಸವರಿ ಸಮ ಮಾಡಿ. ಊಟದ ದಾಸ್ತಾನಿಗೆ ನಾವು ಬೇರೆ ಯೋಚನೆ ಮಾಡಬೇಕಿಲ್ಲ. ಬೇರೆ ಕಡೆಯವರು ಡಬ್ಬಿ ಆಹಾರ ಪೇರಿಸಿಕೊಳ್ಳಲಿ, ನಮ್ಮಲ್ಲಿ ಮಂಡಕ್ಕಿ ಇದೆ, ಅವಲಕ್ಕಿ ಇದೆ, ಖಡಕ್ ರೊಟ್ಟಿ ಇದೆ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಬೆಲ್ಲ ಇದೆ. ಒಲೆ ಹಚ್ಚದೆ ಮೂರು ದಿನ ತಳ್ಳಬಹುದು. ಅದೂ ತಿಂಗಳು ತಿಂಗಳು ಖಾಲಿಯಾಗಿ ಹೊಸದು ಬರುವ ಸಾಮಾನು.

ಒಂದು ಭಾನುವಾರದ ಪರೀಕ್ಷೆ

ಎಲ್ಲ ಮುಗಿದ ಮೇಲೆ ಒಂದು ಭಾನುವಾರ ಸಂಜೆ ಮೇನ್ ಆಫ್ ಮಾಡಿ, ಟ್ಯಾಂಕಿನ ಮನೆ ವಾಲ್ವ್ ಮುಚ್ಚಿದೆ. ಮಾರನೇ ಬೆಳಿಗ್ಗೆವರೆಗೂ ತೆಗೆಯುವುದಿಲ್ಲ ಅಂದೆ. "ಇರೋ ಕಷ್ಟ ಸಾಲ್ದು ಅಂತ ಇದೊಂದು ಬೇರೆನಾ ನಮ್ಮವ್ವಾ" ಅಂದರು ಅತ್ತೆ, ಆದರೆ ಬಿಂದಿಗೆ ಹಿಡಿದು ಮೊದಲು ಹಿತ್ತಲಿಗೆ ಹೋದವರೂ ಅವರೇ.

ನೀರು, ಫ್ಯಾನು ಲೆಕ್ಕದಂತೆ ನಡೆದವು. ಸಿಕ್ಕಿಬಿದ್ದ ಕೊರತೆಗಳೆಲ್ಲ ಸಣ್ಣವು. ಗೇಟಿನ ಬೀಗದ ಕೈ ಕತ್ತಲೆ ಮೂಲೆಯಲ್ಲಿ ತೂಗುತ್ತಿತ್ತು, ಆಂಬುಲೆನ್ಸ್ ಬಂದರೂ ಗೇಟು ತೆಗೆಯಲು ತಡಕಾಡಬೇಕು. ಅದೀಗ ಮುಂಬಾಗಿಲ ಪಕ್ಕ, ಇನ್ವರ್ಟರ್ ಬಲ್ಬಿನ ಕೆಳಗೆ. ಮಾವ ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಬೆಳಕೇ ಇರಲಿಲ್ಲ. ಕರೆಂಟು ಹೋದರೆ ತಾನೇ ಹತ್ತಿಕೊಳ್ಳುವ ಚಾರ್ಜಿಂಗ್ ಬಲ್ಬ್ ಒಂದು ಅಲ್ಲಿಗೆ ಬಂತು.

ಕತ್ತಲೆ ನೋಡಿ ಪಕ್ಕದ ಮನೆಯವರು ವಿಚಾರಿಸಲು ಬಂದರು. ಅವರಲ್ಲಿ ಬೋರ್‌ವೆಲ್ ಇದೆ, ಇನ್ವರ್ಟರ್ ಇಲ್ಲ. ನಮ್ಮಲ್ಲಿ ಉಲ್ಟಾ. ಕರೆಂಟು ಹೋದಾಗ ಅವರ ಫೋನುಗಳು ನಮ್ಮಲ್ಲಿ ಚಾರ್ಜಿಗೆ, ನಲ್ಲಿ ಬರದ ವಾರ ನಮ್ಮ ಬಿಂದಿಗೆ ಅವರ ಬೋರಿಗೆ. ಜಗಲಿ ಮೇಲೆ ಚಹಾ ಕುಡಿಯುತ್ತಲೇ ಒಪ್ಪಂದ ಆಯಿತು.

ಬಾಕಿ ಉಳಿದದ್ದು ಕರೆಂಟ್ ಬೋರ್ಡು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಬೇಕು. ಶಾಕ್ ಹೊಡೆದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುವುದು ಅದೇ, ಎಂಸಿಬಿ ಅಲ್ಲ. ಹಳೇ ವೈರಿಂಗಿನಲ್ಲಿ ಇನ್ವರ್ಟರ್ ಲೈನಿನದೂ ಮೇನ್ ಲೈನಿನದೂ ನ್ಯೂಟ್ರಲ್ ತಂತಿ (ಕರೆಂಟು ವಾಪಸು ಹೋಗುವ ತಂತಿ) ಒಂದೇ ಆಗಿರುವುದರಿಂದ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ, ಮೊದಲು ಅದನ್ನು ಬೇರೆ ಮಾಡಬೇಕು ಅಂದಿದ್ದಾರೆ ಎಲೆಕ್ಟ್ರಿಷಿಯನ್. ದಸರಾ ರಜೆಯಲ್ಲಿ ಬರುತ್ತಾರಂತೆ. ಅಷ್ಟರೊಳಗೆ ಯಾವ ಎಂಸಿಬಿ ಯಾವ ಕೋಣೆಯದು ಅಂತ ಚೀಟಿ ಅಂಟಿಸುವ ಕೆಲಸ ಮಗಳಿಗೆ ವಹಿಸಿದ್ದೇನೆ. ಅವುಗಳಲ್ಲಿ ಎರಡು ಯಾವ ಕೋಣೆಗೂ ಸೇರಿಲ್ಲ ಅಂತ ಆಗಲೇ ದೂರು ಬಂದಿದೆ.